ಕೋಲಾರದಲ್ಲಿ ಯುಎನ್, ತುಮಕೂರಿನಲ್ಲಿ ಡಿಎನ್: ಕಸಾಂಡ್ರಾ ಅಪ್‌ಗ್ರೇಡ್ ಅರ್ಧಕ್ಕೆ ನಿಂತಾಗ ದೋಷ ಹುಡುಕುವ ಬಗೆ

ಆರು ನೋಡ್‌ಗಳ ಕಸಾಂಡ್ರಾ ಕ್ಲಸ್ಟರ್, ಅಂದರೆ ಒಂದೇ ಡೇಟಾಬೇಸನ್ನು ಆರು ಮಷೀನ್‌ಗಳು ಸೇರಿ ನಡೆಸುವ ಗುಂಪು; ಒಂದೊಂದು ಮಷೀನೂ ಒಂದು ನೋಡ್. ಕೋಲಾರದಲ್ಲಿ ಮೂರು, ತುಮಕೂರಿನಲ್ಲಿ ಮೂರು. ಸರ್ವಿಸ್ ನಿಲ್ಲಿಸದೆ ಒಂದೊಂದೇ ನೋಡ್ ಇಳಿಸಿ, 3.11 ವರ್ಷನ್ ತೆಗೆದು 4.0 ಹಾಕಿ, ಮತ್ತೆ ಏಳಿಸುವ ಕೆಲಸ. ಕೋಲಾರದ ಮೊದಲ ನೋಡ್ ಎದ್ದಿತು. ಲಾಗ್‌ನಲ್ಲಿ ಕಣ್ಣಿಗೆ ಬೀಳುವ ಎರರ್ ಇಲ್ಲ. ಪಕ್ಕದ ಹಳೇ ನೋಡ್‌ನಲ್ಲಿ ನೋಡ್‌ಟೂಲ್ ಸ್ಟೇಟಸ್ (ಯಾವ ನೋಡ್ ಬದುಕಿದೆ ಅಂತ ತೋರಿಸುವ ಕಮಾಂಡ್) ಕೊಟ್ಟರೆ ಆರಕ್ಕೆ ಆರೂ ಯುಎನ್, ಅಂದರೆ 'ಅಪ್, ನಾರ್ಮಲ್'. ಎರಡನೇ ನೋಡ್‌ಗೆ ಕೈ ಹಾಕಬೇಕು ಅನ್ನುವಷ್ಟರಲ್ಲಿ ತುಮಕೂರಿನಿಂದ ಫೋನ್: "ಅಣ್ಣ, ನಿಮ್ಮ ಹೊಸ ನೋಡ್ ಇನ್ನೂ ಎದ್ದಿಲ್ವಾ? ಇಲ್ಲಿ ಡಿಎನ್ ಅಂತಾನೇ ತೋರಿಸ್ತಿದೆ." ಡಿಎನ್ ಅಂದರೆ 'ಡೌನ್', ಬಿದ್ದಿದೆ ಅಂತ.

ಇಂಥ ಹಂತದಲ್ಲಿ ಸಿಕ್ಕಿಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಕಡೆ ಸಣ್ಣ ಸಣ್ಣ ಆಫೀಸುಗಳಲ್ಲಿ ಒಬ್ಬಿಬ್ಬರೇ ಸೇರಿ ಇಂಥ ಕ್ಲಸ್ಟರ್ ನೋಡಿಕೊಳ್ಳುತ್ತಾರೆ. ಕೇಳೋಣ ಅಂದರೆ ಪಕ್ಕದಲ್ಲಿ ಡೇಟಾಬೇಸ್ ಬಲ್ಲವರು ಯಾರೂ ಇರುವುದಿಲ್ಲ. ನಮ್ಮದು ಮಂಡಿ ಲೆಕ್ಕದ ಸಾಫ್ಟ್‌ವೇರ್. ಬೆಳಗ್ಗೆ ಟೊಮೆಟೊ ಹರಾಜು ಶುರುವಾದರೆ ಪ್ರತಿ ಲಾಟ್‌ಗೂ ರೈತರ ಹೆಸರು, 15 ಕೆಜಿ ಬಾಕ್ಸ್ ಎಷ್ಟು, ಕೂಗಿದ ದರ ಎಷ್ಟು, ಮೊದಲೇ ಕೊಟ್ಟ ಅಡ್ವಾನ್ಸ್ ಎಷ್ಟು ಅಂತ ಬರೆದುಕೊಳ್ಳುತ್ತಾ ಹೋಗುತ್ತದೆ. ರಾತ್ರಿಯೆಲ್ಲ ನಿದ್ದೆಗೆಟ್ಟು ಗಾಡಿಯಲ್ಲಿ ಬಂದ ರೈತ ಆ ಚೀಟಿಗಾಗಿ ಕೌಂಟರ್ ಮುಂದೆ ನಿಂತಿರುತ್ತಾನೆ. ಒಂದು ಸಾಲು ಕಳೆದುಹೋದರೆ ಅದು ಅವನ ದುಡ್ಡು. ಅದಕ್ಕೇ ನಾನು ಈ ವಿಷಯದಲ್ಲಿ ಇಷ್ಟು ಹಠ ಮಾಡುವುದು.

ಹೇಳಬೇಕಾದ ಮುಖ್ಯ ಮಾತು ಒಂದೇ. ಅಪ್‌ಗ್ರೇಡ್ ಮಧ್ಯದಲ್ಲಿ ಒಂದು ನೋಡ್ ಹೇಳಿದ್ದನ್ನು ನಂಬಬೇಡಿ. ಆರೂ ನೋಡ್‌ಗಳಿಗೆ ಒಂದೇ ಪ್ರಶ್ನೆ ಕೇಳಿ. ಉತ್ತರ ಎಲ್ಲಿ ಬೇರೆಯಾಗುತ್ತದೋ ದೋಷ ಅಲ್ಲಿದೆ. ಆ ವ್ಯತ್ಯಾಸ ಯಾಕೆ ಅಂತ ಗೊತ್ತಾಗುವ ತನಕ ಎರಡನೇ ನೋಡ್ ಮುಟ್ಟಬೇಡಿ.

ಆರೂ ಕಡೆ ನೋಡ್‌ಟೂಲ್ ಸ್ಟೇಟಸ್

ಒಂದು ಹಾಳೆ ತೆಗೆದುಕೊಳ್ಳಿ. ಅಡ್ಡಕ್ಕೆ ಆರು, ಉದ್ದಕ್ಕೆ ಆರು ಮನೆ ಹಾಕಿ. ಪ್ರತಿ ನೋಡ್‌ನಲ್ಲಿ ಲಾಗಿನ್ ಆಗಿ ಸ್ಟೇಟಸ್ ಕೊಟ್ಟು, ಅದು ಯಾರನ್ನು ಯುಎನ್ ಅನ್ನುತ್ತದೆ, ಯಾರನ್ನು ಡಿಎನ್ ಅನ್ನುತ್ತದೆ ಅಂತ ತುಂಬಿ. ಇದಕ್ಕೆ ಹಿಡಿಯುವುದು ನಾಲ್ಕೈದು ನಿಮಿಷ ಅಷ್ಟೇ. ಸ್ಕ್ರಿಪ್ಟ್ ಬರೆದುಕೊಂಡರೆ ಇನ್ನೂ ಬೇಗ. ಆದರೆ ಮೊದಲ ಸಲ ಕೈಯಲ್ಲೇ ಬರೆಯಿರಿ ಅನ್ನುವುದು ನನ್ನ ಸಲಹೆ, ಯಾಕಂದರೆ ಚಿತ್ರ ಕಣ್ಣೆದುರು ಮೂಡುತ್ತದೆ.

ಮೇಲಿನ ಪ್ರಸಂಗದಲ್ಲಿ ಹಾಳೆ ಹೀಗೆ ಬಂತು. ಕೋಲಾರದ ಎರಡು ಹಳೇ ನೋಡ್‌ಗಳಿಗೆ ಎಲ್ಲರೂ ಯುಎನ್. ಕೋಲಾರದ ಹೊಸ ನೋಡ್‌ಗೆ ಅಕ್ಕಪಕ್ಕದವರು ಯುಎನ್, ತುಮಕೂರಿನ ಮೂರೂ ಡಿಎನ್. ತುಮಕೂರಿನ ಮೂರಕ್ಕೂ ಕೋಲಾರದ ಹಳೆಯವೆರಡು ಯುಎನ್, ಹೊಸದು ಮಾತ್ರ ಡಿಎನ್. ಅಂದರೆ ನೋಡ್ ಸತ್ತಿಲ್ಲ. ಊರುಗಳ ನಡುವಿನ ಲೈನೂ ಸತ್ತಿಲ್ಲ. ಹೊಸ ವರ್ಷನ್ ಮತ್ತು ಇನ್ನೊಂದು ಊರು, ಇವೆರಡರ ನಡುವೆ ಮಾತ್ರ ಮಾತು ನಿಂತಿದೆ.

ಇಲ್ಲೊಂದು ಅನುಮಾನ ಬರುವುದು ಸಹಜ. ಕಸಾಂಡ್ರಾದಲ್ಲಿ ಗಾಸಿಪ್ ಅಂದರೆ ಬಾಯಿಂದ ಬಾಯಿಗೆ ಸುದ್ದಿ ದಾಟುವುದು ಅಲ್ವಾ, ಕೋಲಾರದ ಹಳೇ ನೋಡ್ ತುಮಕೂರಿಗೆ "ಹೊಸದು ಬದುಕಿದೆ" ಅಂತ ಹೇಳುವುದಿಲ್ಲವಾ? ಹೇಳುತ್ತದೆ. ಆ ನೋಡ್‌ನ ಹಾರ್ಟ್‌ಬೀಟ್ ನಂಬರ್ (ಬದುಕಿದ್ದೇನೆ ಅನ್ನಲು ಅದು ಏರಿಸುತ್ತಾ ಹೋಗುವ ಸಂಖ್ಯೆ) ತುಮಕೂರಿಗೆ ತಲುಪುತ್ತಲೇ ಇರುತ್ತದೆ. ನೋಡ್‌ಟೂಲ್ ಗಾಸಿಪ್‌ಇನ್ಫೋ ಕೊಟ್ಟು ನೋಡಿದರೆ ಆ ಸಂಖ್ಯೆ ಏರುತ್ತಿರುವುದು ಕಾಣುತ್ತದೆ. ಆದರೆ ಡೌನ್ ಆಗಿದ್ದವರನ್ನು ಅಪ್ ಅಂತ ಗುರುತು ಹಾಕುವ ಮೊದಲು ಪ್ರತಿ ನೋಡ್ ತಾನೇ ನೇರವಾಗಿ ಒಂದು ಎಕೋ ಮೆಸೇಜ್ ಕಳಿಸಿ ಉತ್ತರಕ್ಕೆ ಕಾಯುತ್ತದೆ. ಉತ್ತರ ಬರದಿದ್ದರೆ ಊರೆಲ್ಲ ಹೇಳಿದರೂ ಡಿಎನ್ ಡಿಎನ್ನೇ. ಹಾರ್ಟ್‌ಬೀಟ್ ಏರುತ್ತಿದೆ, ಆದರೂ ಡಿಎನ್ ಅಂತ ಕಂಡರೆ ನೇರ ಕನೆಕ್ಷನ್ ಆಗುತ್ತಿಲ್ಲ ಎಂದೇ ಅರ್ಥ. ಹುಡುಕಬೇಕಾದದ್ದು ಪೋರ್ಟ್‌ನಲ್ಲಿ.

7001 ಎಲ್ಲಿ ಹೋಯಿತು

ನಮ್ಮ ಕ್ಲಸ್ಟರ್‌ನಲ್ಲಿ ಇಂಟರ್‌ನೋಡ್ ಎನ್‌ಕ್ರಿಪ್ಷನ್ (ನೋಡ್‌ಗಳ ನಡುವಿನ ಮಾತನ್ನು ಗುಟ್ಟಾಗಿ ಕಳಿಸುವ ಸೆಟ್ಟಿಂಗ್) 'ಡಿಸಿ' ಅಂತ ಇದೆ, ಅಂದರೆ ಡೇಟಾಸೆಂಟರ್‌ಗಳ ನಡುವೆ ಮಾತ್ರ. ಒಂದೇ ಊರಿನ ಒಳಗೆ ಮಾತುಕತೆ ಬಯಲಾಗಿ 7000 ಪೋರ್ಟ್‌ನಲ್ಲಿ. ಊರಿಂದ ಊರಿಗೆ ಹೋಗುವುದು ಎನ್‌ಕ್ರಿಪ್ಟ್ ಆಗಿ 7001ರಲ್ಲಿ. ಇದು 3.11ರ ರೀತಿ.

4.0ರಲ್ಲಿ ಇದು ಬದಲಾಯಿತು. 7000 ಒಂದೇ ಪೋರ್ಟ್ ಎರಡೂ ಕೆಲಸ ಮಾಡುತ್ತದೆ. 7001 ತಾನಾಗಿ ತೆರೆಯುವುದೇ ಇಲ್ಲ. ಹೊಸ ನೋಡ್‌ನಲ್ಲಿ ಎಸ್‌ಎಸ್ ಕಮಾಂಡ್ ಕೊಟ್ಟು ಕೇಳುತ್ತಿರುವ ಪೋರ್ಟ್‌ಗಳ ಪಟ್ಟಿ ನೋಡಿ: 7000 ಇದೆ, 9042 (ಆ್ಯಪ್‌ಗಳು ಬರುವ ಪೋರ್ಟ್) ಇದೆ, 7199 (ನೋಡ್‌ಟೂಲ್ ಬರುವ ಪೋರ್ಟ್) ಇದೆ, 7001 ಇಲ್ಲ. ತುಮಕೂರಿನ 3.11 ನೋಡ್‌ಗೆ ಮಾತ್ರ ಹೊಸ ಪದ್ಧತಿ ಗೊತ್ತಿಲ್ಲ. ಅದು 7001ಕ್ಕೇ ಬಾಗಿಲು ತಟ್ಟುತ್ತದೆ. ಹೊಸ ನೋಡ್ ಕಳಿಸಿದ ಎಕೋಗೂ ಅದು ಉತ್ತರ ಕೊಡಬೇಕಾದ್ದು ಅದೇ ದಾರಿಯಲ್ಲಿ. ಹಾಗಾಗಿ ಎರಡೂ ಕಡೆಯಿಂದ ಡಿಎನ್.

ಮದ್ದು ಕಸಾಂಡ್ರಾದ ಸೆಟ್ಟಿಂಗ್‌ಗಳಿರುವ ಯಾಮಲ್ ಫೈಲ್‌ನಲ್ಲೇ ಇದೆ. ಸರ್ವರ್ ಎನ್‌ಕ್ರಿಪ್ಷನ್ ಆಪ್ಷನ್ಸ್ ಭಾಗದಲ್ಲಿ 'ಎನೇಬಲ್ ಲೆಗಸಿ ಎಸ್‌ಎಸ್‌ಎಲ್ ಸ್ಟೋರೇಜ್ ಪೋರ್ಟ್' ಅನ್ನುವ ಸಾಲು ಟ್ರೂ ಮಾಡಿ, ಆ ನೋಡ್ ಡ್ರೈನ್ ಮಾಡಿ (ಮೆಮೊರಿಯಲ್ಲಿದ್ದದ್ದನ್ನು ಡಿಸ್ಕ್‌ಗೆ ಬರೆಸಿ) ರೀಸ್ಟಾರ್ಟ್ ಮಾಡಿ. 7001 ತೆರೆಯುತ್ತದೆ. ಸ್ವಲ್ಪ ಹೊತ್ತಿಗೆ ಹಾಳೆಯ ಎಲ್ಲ ಮನೆಯೂ ಯುಎನ್ ಆಗುತ್ತದೆ. ಮುಂದೆ ಏಳಿಸುವ ಪ್ರತಿ 4.0 ನೋಡ್‌ನಲ್ಲೂ ಈ ಸಾಲು ಇರಲಿ. ಕೊನೆಯ 3.11 ನೋಡ್ ಹೋದ ಮೇಲೆ ತೆಗೆದು ಒಂದು ಸುತ್ತು ರೀಸ್ಟಾರ್ಟ್ ಮಾಡಿದರಾಯಿತು.

ಎನ್‌ಕ್ರಿಪ್ಷನ್ 'ಆಲ್' ಅಂತ ಇಟ್ಟುಕೊಂಡವರಿಗೆ ಲಕ್ಷಣ ಬೇರೆ ಇರುತ್ತದೆ. ಅಕ್ಕಪಕ್ಕದ ನೋಡ್ ಕೂಡ ಮಾತಾಡುವುದಿಲ್ಲವಾದ್ದರಿಂದ ಹೊಸ ನೋಡ್ 'ಅನೇಬಲ್ ಟು ಗಾಸಿಪ್ ವಿತ್ ಎನಿ ಪಿಯರ್ಸ್' ಅಂತ ಹೇಳಿ ಏಳದೆ ನಿಲ್ಲುತ್ತದೆ. ಆದರೆ ಆ ನೋಡ್ ತನ್ನದೇ ಸೀಡ್ ಪಟ್ಟಿಯಲ್ಲಿದ್ದರೆ (ಏಳುವಾಗ ಮೊದಲು ಮಾತಾಡಿಸುವ ನೋಡ್‌ಗಳ ಪಟ್ಟಿ) ಎಚ್ಚರ. ಅದೇ ಮಾತನ್ನು ಬರೀ ವಾರ್ನಿಂಗ್ ಆಗಿ ಬರೆದು ಸುಮ್ನೆ ಎದ್ದು ಕೂತುಬಿಡುತ್ತದೆ, ಒಂಟಿಯಾಗಿ. ಕಾರಣ ಒಂದೇ, ಮದ್ದೂ ಒಂದೇ.

ಇದರ ಇನ್ನೊಂದು ಮುಖ ಕೋಲಾರದ ಮೂರೂ ಮುಗಿದು ತುಮಕೂರಿನ ಮೊದಲ ನೋಡ್ ಅಪ್‌ಗ್ರೇಡ್ ಮಾಡಿದಾಗ ಕಾಣುತ್ತದೆ. ಈಗ ಎರಡೂ ಊರಿನಲ್ಲಿ 4.0 ಇದೆ. ಅವು ಪರಸ್ಪರ 7001 ಬಿಟ್ಟು 7000ದಲ್ಲಿ ಎನ್‌ಕ್ರಿಪ್ಟ್ ಮಾಡಿ ಮಾತಾಡಲು ಹೊರಡುತ್ತವೆ. ಊರುಗಳ ನಡುವಿನ ಫೈರ್‌ವಾಲ್‌ನಲ್ಲಿ ಬರೀ 7001 ಬಿಟ್ಟಿದ್ದರೆ ಅಲ್ಲಿಗೆ ಕೆಟ್ಟಿತು. ಮೂರು ನೋಡ್ ಸಲೀಸಾಗಿ ಆಗಿವೆ, ನಾಲ್ಕನೆಯದಕ್ಕೆ ಏನು ರೋಗ ಅಂತ ಆ ಒಂದು ಮಷೀನ್‌ನ ಡಿಸ್ಕ್, ರ್‍ಯಾಮ್ ಎಲ್ಲ ತಡಕಾಡುವವರು ಇದ್ದಾರೆ. ಹಾಳೆ ತುಂಬಿದ್ದರೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ: ತುಮಕೂರಿನ ಹೊಸದಕ್ಕೆ ಕೋಲಾರದ ಹೊಸವೆಲ್ಲ ಡಿಎನ್, ತುಮಕೂರಿನ ಹಳೆಯವೆರಡಕ್ಕೆ ಎಲ್ಲರೂ ಯುಎನ್. ಅಪ್‌ಗ್ರೇಡ್ ಶುರು ಮಾಡುವ ಮೊದಲೇ 7000, 7001 ಎರಡನ್ನೂ ಎರಡೂ ದಿಕ್ಕಿನಲ್ಲಿ ತೆರೆಸಿಕೊಳ್ಳಿ. ಲೈನ್ ಕೊಟ್ಟವರ ಹತ್ತಿರ ಫೈರ್‌ವಾಲ್ ಇದ್ದರೆ ಆ ಒಂದು ಬದಲಾವಣೆಗೇ ದಿನಗಟ್ಟಲೆ ಕಾಯಬೇಕಾಗಬಹುದು.

ಇದು ಯಾಕೆ ಇಷ್ಟು ಅಪಾಯ

ಯಾರೂ ದೂರು ಹೇಳುವುದಿಲ್ಲ, ಅದಕ್ಕೆ. ಆ್ಯಪ್ ಲೋಕಲ್ ಕೋರಂನಲ್ಲಿ ಬರೆಯುತ್ತದೆ. ಪ್ರತಿ ಊರಿನಲ್ಲೂ ಮೂರು ಪ್ರತಿ, ಎರಡು ಸಿಕ್ಕರೆ ಸಾಕು. ಕೋಲಾರದ ಕೌಂಟರ್‌ನಲ್ಲಿ ಚೀಟಿ ಪ್ರಿಂಟ್ ಆಗುತ್ತದೆ, ತುಮಕೂರಿನಲ್ಲೂ ಆಗುತ್ತದೆ. ಇತ್ತ ಹೊಸ ನೋಡ್ ತನ್ನ ಕೈಗೆ ಬಂದ ಬರಹವನ್ನು ತುಮಕೂರಿಗೆ ಕಳಿಸಲಾಗದೆ ಆಮೇಲೆ ಕಳಿಸಲು ಹಿಂಟ್ ಆಗಿ ಪಕ್ಕಕ್ಕೆ ಇಟ್ಟುಕೊಳ್ಳುತ್ತಾ ಹೋಗುತ್ತದೆ. ಹಿಂಟ್ ಇಡುವುದು ಮಾಮೂಲಿ ಸೆಟ್ಟಿಂಗ್‌ನಲ್ಲಿ 3 ಗಂಟೆ ಮಾತ್ರ. ಅದು ದಾಟಿದ ಮೇಲೆ ಬಂದ ಬರಹಕ್ಕೆ ಹಿಂಟ್ ಇಲ್ಲ. ಆಮೇಲೆ ಸರಿ ಮಾಡಲು ರಿಪೇರ್ (ನೋಡ್‌ಗಳ ಪ್ರತಿಗಳನ್ನು ಹೋಲಿಸಿ ಸರಿಹೊಂದಿಸುವ ಕೆಲಸ) ಓಡಿಸಬೇಕು, ಮತ್ತು ಎರಡು ಮೇಜರ್ ವರ್ಷನ್ ಬೆರೆತಿರುವಾಗ ರಿಪೇರ್ ಓಡಿಸುವ ಹಾಗಿಲ್ಲ, ಸ್ಟ್ರೀಮಿಂಗ್ (ನೋಡ್‌ನಿಂದ ನೋಡ್‌ಗೆ ಡೇಟಾ ಸಾಗಿಸುವುದು) ಆಗುವುದಿಲ್ಲ. ಸಿಕ್ಕಿಕೊಂಡಿರಿ ಅಂತಲೇ ಲೆಕ್ಕ.

ಹಾಗಾಗಿ ಹಿಂಟ್ಸ್ ಫೋಲ್ಡರ್ ಮೇಲೆ ಒಂದು ಕಣ್ಣಿರಲಿ. ನೋಡ್ ಇಳಿಸಿ ಏಳಿಸುವ ಹೊತ್ತಿನಲ್ಲಿ ಅದು ಬೆಳೆದು ಆಮೇಲೆ ಕರಗಬೇಕು. ಎಲ್ಲ ಯುಎನ್ ಇದ್ದರೂ ಕರಗದೆ ಬೆಳೆಯುತ್ತಲೇ ಇದ್ದರೆ ನೀವು ನೋಡಿದ ಸ್ಟೇಟಸ್ ತಪ್ಪು ಕಡೆಯದು.

ಸ್ಕೀಮಾ: ಎರಡು ಗುಂಪು ಸರಿ, ಮೂರಾದರೆ ತಪ್ಪು

ಎರಡನೇ ಪ್ರಶ್ನೆ ನೋಡ್‌ಟೂಲ್ ಡಿಸ್ಕ್ರೈಬ್‌ಕ್ಲಸ್ಟರ್. ಇದರಲ್ಲಿ ಸ್ಕೀಮಾ (ಟೇಬಲ್‌ಗಳ ವಿನ್ಯಾಸ) ವರ್ಷನ್ ಮತ್ತು ಅದನ್ನು ಹಿಡಿದಿರುವ ನೋಡ್‌ಗಳ ಐಪಿ ಬರುತ್ತದೆ. ಮಾಮೂಲಿ ದಿನ ಒಂದೇ ವರ್ಷನ್ ಇರಬೇಕು. 3.11 ಮತ್ತು 4.0 ಬೆರೆತಾಗ ಎರಡು ಕಾಣುತ್ತದೆ. ಇದನ್ನು ನೋಡಿ ಹೆದರಿ ಅಪ್‌ಗ್ರೇಡ್ ನಿಲ್ಲಿಸಿದವರನ್ನು ಕಂಡಿದ್ದೇನೆ. ಹೆದರಬೇಕಿಲ್ಲ. ಹೊಸದರಲ್ಲಿ ಟೇಬಲ್‌ಗಳಿಗೆ ಹೊಸ ಗುಣಗಳು ಸೇರಿರುವುದರಿಂದ ಲೆಕ್ಕ ಬೇರೆ ಬರುತ್ತದೆ. ಹಾಗೆಯೇ ಮೇಜರ್ ವರ್ಷನ್ ಬೇರೆಯಾದಾಗ ನೋಡ್‌ಗಳು ಸ್ಕೀಮಾ ಹಂಚಿಕೊಳ್ಳುವುದಿಲ್ಲ. ನೋಡಬೇಕಾದ್ದು ಗುಂಪು ಹೇಗೆ ಒಡೆದಿದೆ ಅನ್ನುವುದನ್ನು. 3.11ರವೆಲ್ಲ ಒಂದು ಗುಂಪು, 4.0ದವೆಲ್ಲ ಇನ್ನೊಂದು ಗುಂಪು ಅಂತಿದ್ದರೆ ಸರಿ. ಒಂದೇ ವರ್ಷನ್‌ನ ನೋಡ್‌ಗಳು ಎರಡು ಗುಂಪಿನಲ್ಲಿದ್ದರೆ, ಅಥವಾ ಅನ್‌ರೀಚಬಲ್ ಅಂತ ಒಂದು ಸಾಲು ಇದ್ದರೆ, ನಿಲ್ಲಿ.

ಮೂರನೇ ಗುಂಪು ಹುಟ್ಟುವುದು ಹೆಚ್ಚಾಗಿ ಯಾರೋ ಮಧ್ಯದಲ್ಲಿ ಟೇಬಲ್ ಕಟ್ಟಿದ್ದರಿಂದ. "ನಾವು ಯಾರೂ ಏನೂ ಮಾಡಿಲ್ಲ" ಅಂತ ಎಲ್ಲರೂ ಹೇಳುತ್ತಾರೆ, ಮತ್ತು ಅದು ನಿಜವೇ ಇರುತ್ತದೆ. ಮಾಡುವುದು ಆ್ಯಪ್. ಬಹಳ ಆ್ಯಪ್‌ಗಳು ಸ್ಟಾರ್ಟ್ ಆಗುವಾಗ 'ಕ್ರಿಯೇಟ್ ಟೇಬಲ್ ಇಫ್ ನಾಟ್ ಎಕ್ಸಿಸ್ಟ್ಸ್' ಓಡಿಸುತ್ತವೆ. ಕೆಲವು ತಿಂಗಳಿಗೊಂದು ಹೊಸ ಟೇಬಲ್ ಮಾಡಿಕೊಳ್ಳುತ್ತವೆ. ತಿಂಗಳ ಕೊನೆಯ ಸಂಜೆ ಅಪ್‌ಗ್ರೇಡ್ ಶುರು ಮಾಡಿದರೆ ಬೆಳಗಿನ ಜಾವ ಹೊಸ ತಿಂಗಳ ಟೇಬಲ್ ಹುಟ್ಟುತ್ತದೆ, ಅದು ಒಂದು ಕಡೆಯ ನೋಡ್‌ಗಳಿಗಷ್ಟೇ ಗೊತ್ತಿರುತ್ತದೆ, ಹರಾಜು ಶುರುವಾದ ಕೂಡಲೇ ಇನ್ನೊಂದು ಕಡೆಯವು 'ಕುಡಂಟ್ ಫೈಂಡ್ ಟೇಬಲ್' ಅಂತ ಒಂದು ಉದ್ದನೆಯ ಐಡಿ ಸಮೇತ ಲಾಗ್ ತುಂಬಿಸುತ್ತವೆ. ಆ ಸಾಲು ಕಂಡರೆ ಡಿಸ್ಕ್ ಮೇಲೆ ಅನುಮಾನ ಪಡಬೇಡಿ. ಆ್ಯಪ್‌ನ ಡೇಟಾಬೇಸ್ ಯೂಸರ್‌ನಿಂದ ಕ್ರಿಯೇಟ್, ಆಲ್ಟರ್ ಪರ್ಮಿಷನ್ ತೆಗೆದುಬಿಡಿ, ಅಪ್‌ಗ್ರೇಡ್ ಮುಗಿದ ಮೇಲೆ ವಾಪಸ್ ಕೊಡಿ. ಬೇಕಾಗುವ ಟೇಬಲ್ ಇದ್ದರೆ ಮೊದಲೇ ಕಟ್ಟಿಡಿ.

ನೋಡ್ ಏಳುವುದೇ ಇಲ್ಲ ಅಂದರೆ

ಇದು ಸುಲಭದ ಜಾತಿ. ಲಾಗ್‌ನ ಕೊನೆಯ ಸಾಲುಗಳು ನೇರವಾಗಿ ಹೇಳುತ್ತವೆ. 'ಇನ್‌ವ್ಯಾಲಿಡ್ ಯಾಮಲ್, ಪ್ಲೀಸ್ ರಿಮೂವ್ ಪ್ರಾಪರ್ಟೀಸ್' ಅಂದರೆ ಹಳೇ ಫೈಲ್ ಹಾಗೇ ಹಾಕಿದ್ದೀರಿ. 4.0ರಲ್ಲಿ ಥ್ರಿಫ್ಟ್ (ಆ್ಯಪ್‌ಗಳು ಮಾತಾಡುತ್ತಿದ್ದ ಹಳೇ ಪದ್ಧತಿ) ಇಲ್ಲ, ಅದಕ್ಕೆ ಸೇರಿದ 'ಸ್ಟಾರ್ಟ್ ಆರ್‌ಪಿಸಿ', 'ಆರ್‌ಪಿಸಿ ಪೋರ್ಟ್' ಥರದ ಸಾಲು ತೆಗೆಯಬೇಕು. 'ಕೆನಾಟ್ ಚೇಂಜ್ ದ ನಂಬರ್ ಆಫ್ ಟೋಕನ್ಸ್ ಫ್ರಮ್ 256 ಟು 16' ಅಂದರೆ ಉಲ್ಟಾ: ಹೊಸ ಫೈಲ್ ಹಾಕಿ ಹಳೇ ಮೌಲ್ಯ ಬರೆಯಲು ಮರೆತಿದ್ದೀರಿ. 4.0ದ ಫೈಲ್‌ನಲ್ಲಿ ಟೋಕನ್ (ಒಂದು ನೋಡ್ ಹೊರುವ ಡೇಟಾ ಪಾಲುಗಳು) ಸಂಖ್ಯೆ 16, ಹಳೆಯದರಲ್ಲಿ 256. 'ಡಿಟೆಕ್ಟೆಡ್ ಅನ್‌ರೀಡಬಲ್ ಎಸ್‌ಎಸ್‌ಟೇಬಲ್ಸ್' ಅಂದರೆ 2.x ಕಾಲದ ಡೇಟಾ ಫೈಲ್‌ಗಳು (ಎಸ್‌ಎಸ್‌ಟೇಬಲ್) ಇನ್ನೂ ಉಳಿದಿವೆ. ಮತ್ತೆ 3.11 ಏಳಿಸಿ, ಅಪ್‌ಗ್ರೇಡ್‌ಎಸ್‌ಎಸ್‌ಟೇಬಲ್ಸ್ ಓಡಿಸಿ, ಆಮೇಲೆ ಬನ್ನಿ.

ಟೋಕನ್ ಎರರ್ ಬಂದವರು ಅಷ್ಟನ್ನೇ ತಿದ್ದಿ ಮುಂದೆ ಹೋಗಬೇಡಿ. ಹೊಸ ಫೈಲ್ ಪೂರ್ತಿ ಹಾಕಿದ್ದೀರಿ ಎಂದರೆ ಅಥೆಂಟಿಕೇಟರ್ ಸಾಲು 'ಅಲೋ ಆಲ್' ಅಂತಲೇ ಇರುತ್ತದೆ. ಆ ನೋಡ್‌ಗೆ ಪಾಸ್‌ವರ್ಡ್ ಇಲ್ಲದೆ ಯಾರು ಬೇಕಾದರೂ ಬರಬಹುದು, ಯಾವ ಎರರೂ ಬರುವುದಿಲ್ಲ. ಹಳೆಯದು ಮತ್ತು ಹೊಸದು ಎರಡನ್ನೂ ಡಿಫ್ ಹಾಕಿ ಸಾಲು ಸಾಲಾಗಿ ಓದಿ.

ಎದ್ದಿದೆ, ಆದರೆ ಏದುಸಿರು ಬಿಡುತ್ತಿದೆ

ಹೊಸ ನೋಡ್ ಸಂಜೆ ಚೆನ್ನಾಗಿತ್ತು, ಬೆಳಗ್ಗೆ ಹರಾಜಿನ ಲೋಡ್ ಬಿದ್ದ ಕೂಡಲೇ ನಿಧಾನ. ಬೇರೆ ನೋಡ್‌ಗಳಿಗೆ ಆಗಾಗ ಡಿಎನ್, ಮತ್ತೆ ಯುಎನ್. ಲಾಗ್‌ನಲ್ಲಿ ಜಿಸಿ ಇನ್‌ಸ್ಪೆಕ್ಟರ್ (ಜಾವಾ ಮೆಮೊರಿ ಗುಡಿಸಲು ಹಿಡಿದ ಹೊತ್ತು ಹೇಳುವ) ಸಾಲುಗಳು ಜಾಸ್ತಿ. "4.0 ಭಾರ ಕಣ್ರೀ" ಅನ್ನುವ ತೀರ್ಮಾನಕ್ಕೆ ಬರುವ ಮೊದಲು ಹಳೇ ನೋಡ್ ಒಂದರಲ್ಲಿ, ಹೊಸದರಲ್ಲಿ, ಎರಡರಲ್ಲೂ ನೋಡ್‌ಟೂಲ್ ಇನ್ಫೋ ಕೊಟ್ಟು ಹೀಪ್ ಮೆಮೊರಿ (ಕಸಾಂಡ್ರಾ ಓಡುವ ಜಾವಾಗೆ ಕೊಟ್ಟ ಮೆಮೊರಿ) ಸಾಲು ಪಕ್ಕಪಕ್ಕ ಇಟ್ಟು ನೋಡಿ.

3.11ರಲ್ಲಿ ಹೀಪ್ ಸೆಟ್ಟಿಂಗ್ ಇರುವುದು ಜೆವಿಎಂ ಆಪ್ಷನ್ಸ್ ಅನ್ನುವ ಒಂದೇ ಫೈಲ್‌ನಲ್ಲಿ. 4.0ರಲ್ಲಿ ಆ ಫೈಲ್ ಓದುವುದೇ ಇಲ್ಲ. ಅದರ ಬದಲು ಜೆವಿಎಂ ಸರ್ವರ್ ಆಪ್ಷನ್ಸ್, ಜೊತೆಗೆ ಜಾವಾ 8ಕ್ಕೆ ಒಂದು, 11ಕ್ಕೆ ಒಂದು. ಹಳೆಯದು ಫೋಲ್ಡರ್‌ನಲ್ಲಿ ಹಾಗೇ ಕೂತಿರುತ್ತದೆ. ತೆರೆದು ನೋಡಿದರೆ ನೀವು ಬರೆದ 16 ಜಿಬಿ ಅಲ್ಲೇ ಇರುತ್ತದೆ. ಆದರೆ ಓಡುತ್ತಿರುವ ನೋಡ್ ತಾನೇ ಲೆಕ್ಕ ಹಾಕಿಕೊಂಡಿರುತ್ತದೆ, ಮಷೀನ್ ರ್‍ಯಾಮ್‌ನ ಕಾಲು ಭಾಗ, ಗರಿಷ್ಠ 8 ಜಿಬಿ. ಹಳೇ ನೋಡ್‌ನಲ್ಲಿ 16,000 ಚಿಲ್ಲರೆ ಎಂಬಿ, ಹೊಸದರಲ್ಲಿ 8,000 ಆಸುಪಾಸು ಕಂಡರೆ ದೋಷ ಸಿಕ್ಕಿತು. ಸೆಟ್ಟಿಂಗ್ ಹೊಸ ಫೈಲ್‌ಗೆ ಸಾಗಿಸಿ. ಆ ನೆಪದಲ್ಲಿ ಜಾವಾ ವರ್ಷನ್ ಬದಲಾಯಿಸಬೇಡಿ. 4.0 ಜಾವಾ 8ರಲ್ಲೇ ಓಡುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ.

ಆ್ಯಪ್ ಒಂದೇ ನೋಡ್‌ಗೆ ಅಂಟಿಕೊಂಡರೆ

ಕೆಲವು ಡ್ರೈವರ್‌ಗಳು ಮೊದಲು ಸಿಕ್ಕ ನೋಡ್ ಜೊತೆ ಪ್ರೊಟೊಕಾಲ್ ಮಾತಾಡಿ ಅದನ್ನೇ ಎಲ್ಲರಿಗೂ ಹಿಡಿಯುತ್ತವೆ. 4.0 ನೋಡ್ ಮೊದಲು ಸಿಕ್ಕರೆ ವಿ5 ಅಂತ ಒಪ್ಪಂದವಾಗುತ್ತದೆ. 3.11ಕ್ಕೆ ವಿ4 ತನಕ ಮಾತ್ರ ಬರುತ್ತದೆ. ಹಾಗಾಗಿ ಆ್ಯಪ್ ಹಳೆಯವನ್ನೆಲ್ಲ ಕೈಬಿಟ್ಟು ಎಲ್ಲ ಲೋಡ್ ಹೊಸದರ ತಲೆಗೆ ಕಟ್ಟುತ್ತದೆ. ಆ್ಯಪ್ ಸರ್ವರ್‌ನಲ್ಲಿ 9042ಕ್ಕೆ ಇರುವ ಕನೆಕ್ಷನ್‌ಗಳನ್ನು ಎಣಿಸಿದರೆ ಗೊತ್ತಾಗುತ್ತದೆ. ಅಪ್‌ಗ್ರೇಡ್ ಮುಗಿಯುವ ತನಕ ಡ್ರೈವರ್ ಸೆಟ್ಟಿಂಗ್‌ನಲ್ಲಿ ವಿ4 ಅಂತ ಕಟ್ಟಿಹಾಕಿ. ಇದನ್ನು ಮೊದಲ ನೋಡ್ ಇಳಿಸುವ ಮುಂಚೆಯೇ ಮಾಡಬೇಕು.

ಹಿಂದಕ್ಕೆ ಹೋಗಬಹುದಾ

ಡೇಟಾ ಫೋಲ್ಡರ್ ತೆರೆದು ಫೈಲ್ ಹೆಸರು ನೋಡಿ. 3.11 ಬರೆದದ್ದು 'ಎಂಸಿ', 'ಎಂಡಿ' ಅಥವಾ 'ಎಂಇ' ಅಂತ ಶುರುವಾಗುತ್ತದೆ, 4.0 ಬರೆದದ್ದು 'ಎನ್‌ಬಿ'. ಎನ್‌ಬಿ ಫೈಲ್ ಒಂದು ಹುಟ್ಟಿದರೂ 3.11ಕ್ಕೆ ಅದು ಓದಲು ಬಾರದು. ಪ್ಯಾಕೇಜ್ ಮಾತ್ರ ಹಳೆಯದು ಹಾಕಿ ಏಳಿಸುತ್ತೇನೆ ಅಂದರೆ ಆಗುವುದಿಲ್ಲ.

ಮೊದಲ ನೋಡ್‌ನಲ್ಲೇ ತೊಂದರೆಯಾಗಿ ಉಳಿದ ಐದೂ 3.11ರಲ್ಲಿದ್ದರೆ ದಾರಿ ಇದೆ. ಆ ನೋಡ್ ನಿಲ್ಲಿಸಿ, ಡೇಟಾ, ಕಮಿಟ್‌ಲಾಗ್, ಹಿಂಟ್ಸ್ ಎಲ್ಲ ಪಕ್ಕಕ್ಕೆ ಸರಿಸಿ, 3.11 ಹಾಕಿ, 'ರಿಪ್ಲೇಸ್ ಅಡ್ರೆಸ್ ಫಸ್ಟ್ ಬೂಟ್' ಆಪ್ಷನ್‌ಗೆ ಅದರದೇ ಐಪಿ ಕೊಟ್ಟು ಏಳಿಸಿ. ಉಳಿದವರಿಂದ ಡೇಟಾ ತುಂಬಿಕೊಳ್ಳುತ್ತದೆ. ಅದು ತನ್ನ ಸೀಡ್ ಪಟ್ಟಿಯಲ್ಲಿದ್ದರೆ ಮೊದಲು ಅಲ್ಲಿಂದ ತೆಗೆಯಿರಿ, ಸೀಡ್ ಆದವರು ಹೀಗೆ ತುಂಬಿಕೊಳ್ಳುವುದಿಲ್ಲ. ಮೂರ್ನಾಲ್ಕು ನೋಡ್ ದಾಟಿದ ಮೇಲೆ ಈ ದಾರಿ ಮುಚ್ಚುತ್ತದೆ, 4.0ದಿಂದ 3.11ಕ್ಕೆ ಸ್ಟ್ರೀಮ್ ಆಗುವುದಿಲ್ಲವಲ್ಲ. ಆಗ ಮುಂದಕ್ಕೆ ಹೋಗುವುದೇ ಒಳ್ಳೆಯದು. ಮೊದಲ ನೋಡ್ ಮೇಲೆ ಒಂದು ಇಡೀ ಬೆಳಗಿನ ಹರಾಜು ದಾಟಲಿ, ಆಮೇಲೆ ಎರಡನೆಯದು ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಹಾಗಂತ ವಾರಗಟ್ಟಲೆ ಬೆರಕೆಯಲ್ಲೇ ಇಟ್ಟುಕೊಳ್ಳಬೇಡಿ. ಡಿಲೀಟ್ ಮಾಡಿದ ಗುರುತು ಉಳಿಯುವುದು ಮಾಮೂಲಿ ಸೆಟ್ಟಿಂಗ್‌ನಲ್ಲಿ 10 ದಿನ. ಅಷ್ಟರೊಳಗೆ ರಿಪೇರ್ ಆಗದಿದ್ದರೆ ಅಳಿಸಿದ ಚೀಟಿ ಮತ್ತೆ ಎದ್ದು ಬರಬಹುದು, ತೀರಿದ ಅಡ್ವಾನ್ಸ್ ರೈತನ ಲೆಕ್ಕದಲ್ಲಿ ಮತ್ತೆ ಕಾಣಬಹುದು. ಅಪ್‌ಗ್ರೇಡ್‌ಗೆ ಸ್ವಲ್ಪ ಮೊದಲು ಒಂದು ಪೂರ್ತಿ ರಿಪೇರ್ ಮುಗಿಸಿಕೊಂಡು ಹೊರಡಿ. ಶೆಡ್ಯೂಲ್ ಆಗಿರುವ ರಿಪೇರ್ ಜಾಬ್ ನಿಲ್ಲಿಸಿಡಿ. ಟೊಮೆಟೊ, ಮಾವು ಎರಡೂ ಜೋರಾಗಿರುವ ತಿಂಗಳುಗಳಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ.

3.11ರಿಂದ ನೇರ 5.0ಗೆ ಹೋಗಬಹುದಾ ಅಂತಲೂ ಕೇಳುತ್ತಾರೆ. ಆಗುವುದಿಲ್ಲ. 4.0 ಬಂದದ್ದು 2021ರಲ್ಲಿ, 5.0 ಬಂದದ್ದು 2024ರಲ್ಲಿ. 4ರ ಸಾಲಿನ ಮೂಲಕವೇ ದಾಟಬೇಕು, ಮತ್ತು 5.0ಗೆ ಜಾವಾ 8 ಸಾಲದು.

ಎಲ್ಲ ಮುಗಿದ ಮೇಲೆ ಡಿಸ್ಕ್ ತುಂಬಿದರೆ

ಆರೂ ನೋಡ್ 4.0ಗೆ ಬಂದು, ಸ್ಕೀಮಾ ಒಂದೇ ಆದ ಮೇಲೆ ಅಪ್‌ಗ್ರೇಡ್‌ಎಸ್‌ಎಸ್‌ಟೇಬಲ್ಸ್ ಓಡಿಸುತ್ತೀರಿ, ಹಳೇ ಫೈಲ್‌ಗಳನ್ನು ಹೊಸ ರೂಪದಲ್ಲಿ ಮತ್ತೆ ಬರೆಯಲು. ಇದನ್ನೂ ಒಂದೊಂದೇ ನೋಡ್‌ನಲ್ಲಿ ಮಾಡಿ, ಮಧ್ಯಾಹ್ನ ಮಂಡಿ ಖಾಲಿಯಾದ ಮೇಲೆ. ಆಗ ಡಿಸ್ಕ್ ಏರುತ್ತಾ ಹೋಗಿ ಇಳಿಯುವುದೇ ಇಲ್ಲ ಅನ್ನುವುದು ಸಾಮಾನ್ಯ ದೂರು. ಕಾರಣ, ಅಪ್‌ಗ್ರೇಡ್‌ಗೆ ಮೊದಲು ತೆಗೆದ ಸ್ನ್ಯಾಪ್‌ಶಾಟ್. ಅದು ಹಾರ್ಡ್‌ಲಿಂಕ್ (ಅದೇ ಫೈಲ್‌ಗೆ ಇಟ್ಟ ಇನ್ನೊಂದು ಹೆಸರು) ಆದ್ದರಿಂದ ತೆಗೆದ ದಿನ ಜಾಗವೇ ತಿನ್ನುವುದಿಲ್ಲ. ಫೈಲ್‌ಗಳೆಲ್ಲ ಹೊಸದಾಗಿ ಬರೆದಾದ ಮೇಲೆ ಹಳೆಯವನ್ನು ಹಿಡಿದುಕೊಂಡಿರುವುದು ಅದೊಂದೇ, ಡೇಟಾ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ. ನೋಡ್‌ಟೂಲ್ ಲಿಸ್ಟ್‌ಸ್ನ್ಯಾಪ್‌ಶಾಟ್ಸ್ ಕೊಟ್ಟು ಟ್ರೂ ಸೈಜ್ ಕಾಲಂ ನೋಡಿ. ಹರಾಜು ಚೆನ್ನಾಗಿ ನಡೆದು ಲೆಕ್ಕ ತಾಳೆಯಾಗಿದೆ ಅಂತ ಖಾತ್ರಿಯಾದ ಮೇಲೆ ಕ್ಲಿಯರ್‌ಸ್ನ್ಯಾಪ್‌ಶಾಟ್ ಕೊಡಿ. 4.0ರಲ್ಲಿ ಸ್ನ್ಯಾಪ್‌ಶಾಟ್ ಹೆಸರು ಕೊಡದೆ ಎಲ್ಲ ಅಳಿಸಬೇಕಾದರೆ 'ಆಲ್' ಅನ್ನುವ ಆಪ್ಷನ್ ಜೊತೆಗೆ ಬರೆಯಬೇಕು, ಬರೀ ಕಮಾಂಡ್ ಕೊಟ್ಟರೆ ಅದು ಒಪ್ಪುವುದಿಲ್ಲ.